ಓದದೆಯೇ ಬೈದ ಪುಸ್ತಕಗಳು

2025ರ ಮೇ ತಿಂಗಳ ಕೊನೆಯ ವಾರ. ಶಾಲೆಗೆ ಬೇಸಿಗೆ ರಜೆ. ಕಿತ್ತುಹೋದ ಚಪ್ಪಲಿಯ ಪಟ್ಟಿ ಹೊಲಿಸಿಕೊಳ್ಳಲೆಂದು ಅಥಣಿ ಪೇಟೆಯ ಒಂದು ಅಂಗಡಿಯಲ್ಲಿ ಕುಳಿತಿದ್ದೆ. (ನಮ್ಮೂರಿನ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ದೇಶವೆಲ್ಲ ತಿರುಗುತ್ತದೆ, ಊರಿನ ಹೆಸರು ಮಾತ್ರ ಊರಲ್ಲೇ ಉಳಿದಿದೆ. ಇರಲಿ, ಅದು ಬೇರೆ ಲೇಖನದ ಮಾತು.) ಅಷ್ಟರಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಕೈಯಲ್ಲಿ ಪತ್ರಿಕೆ ಮಡಚಿಕೊಂಡು ಬಂದರು. ಕನ್ನಡದ ಹಳೆಯ ಮೇಷ್ಟ್ರು, ಊರಿನ ಅರ್ಧ ಜನ ಅವರ ವಿದ್ಯಾರ್ಥಿಗಳು.

"ಮಾಸ್ತರ್ರ, ನಮ್ಮ ಬಾನು ಮುಷ್ತಾಕ್ ಅವರಿಗೆ ಲಂಡನ್ನಿನ್ಯಾಗ ಎಷ್ಟ್ ದೊಡ್ಡ ಪ್ರಶಸ್ತಿ ಬಂತು ನೋಡ್ರಿ. ನೀವು ಅವರ ಕಥಿ ಓದೀರೇನ್ರಿ?"

"ಓದಿಲ್ಲ ಸರ್. ಆದರೆ ಅವರು ಏನು ಬರೀತಾರ ಅನ್ನೋದು ಗೊತ್ತದ."

"ಓದಲಾರದ ಹ್ಯಾಂಗ್ ಗೊತ್ತಾತ್ರಿ?"

ವ್ಯಂಗ್ಯವಾಗಿ ಕೇಳಿದ ಮಾತಲ್ಲ. ತರಗತಿಯಲ್ಲಿ ಹುಡುಗನನ್ನು ಕೇಳಿದ ಹಾಗೆ ಸರಳವಾಗಿ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು 'ನಮ್ಮ ಬಾನು ಮುಷ್ತಾಕ್' ಎಂದಿದ್ದರು. ನಾನು ಅಂದಿನವರೆಗೆ ಆ ಹೆಸರಿನ ಹಿಂದೆ 'ನಮ್ಮ' ಎಂಬ ಶಬ್ದ ಸೇರಿಸಿದವನಲ್ಲ.

ಪ್ರಿಯ ಓದುಗರೇ, ನಿಮ್ಮೆದುರು ಒಂದು ವಿಷಯ ಒಪ್ಪಿಕೊಳ್ಳಬೇಕು. ಪವಿತ್ರ ಕುರ್‌ಆನಿನ ಮೊದಲ ದಿವ್ಯವಾಣಿ ಓದಿನ ಆದೇಶದೊಂದಿಗೆ ಆರಂಭವಾಯಿತು ಎಂಬುದರ ಕುರಿತು ನಾನು ಎಷ್ಟೋ ಭಾಷಣ ಮಾಡಿದ್ದೇನೆ. ಶಾಲೆಯ ವಾರ್ಷಿಕೋತ್ಸವದಲ್ಲಿ, ಮದ್ರಸದ ಜಲ್ಸಾದಲ್ಲಿ, ಮದುವೆ ಮನೆಯಲ್ಲೂ. ಆದರೆ ಪಠ್ಯಪುಸ್ತಕ, ತಫ್ಸೀರ್ ಮತ್ತು ದಿನಪತ್ರಿಕೆ ಬಿಟ್ಟರೆ, ಬಿ.ಎ. ಪರೀಕ್ಷೆಯ ನಂತರ ನಾನು ಪೂರ್ತಿಯಾಗಿ ಓದಿದ ಕನ್ನಡ ಪುಸ್ತಕ ಒಂದೂ ಇರಲಿಲ್ಲ. ಅಷ್ಟೇ ಆಗಿದ್ದರೆ ಸೋಮಾರಿತನ ಎಂದು ಬಿಟ್ಟುಬಿಡಬಹುದಿತ್ತು. ಮಹಿಳೆಯರ ಒಂದು ಸಭೆಯಲ್ಲಿ ನಾನು ಬಾನು ಮುಷ್ತಾಕ್ ಮತ್ತು ಸಾರಾ ಅಬೂಬಕ್ಕರ್ ಇಬ್ಬರ ಹೆಸರನ್ನೂ ಹಿಡಿದು, ಇಂಥವರ ಪುಸ್ತಕಗಳಿಂದ ಹೆಣ್ಣುಮಕ್ಕಳನ್ನು ದೂರವಿಡಿ ಎಂದು ಹೇಳಿದ್ದೆ. ಪರದೆಯ ಆಚೆ ಕುಳಿತವರಲ್ಲಿ ನನ್ನ ತಾಯಿಯೂ ಇದ್ದರು, ಹೆಂಡತಿಯೂ ಇದ್ದಳು.

ಆ ಸಂಜೆಯೇ ನಿರ್ಧಾರ ಮಾಡಿದೆ. ಇಶಾ ನಮಾಜಿನ ನಂತರ ಅರ್ಧ ಗಂಟೆ ಓದುವುದು, ಅದೂ ಗಟ್ಟಿಯಾಗಿ. ಯಾಕೆಂದರೆ ನಮ್ಮ ಮನೆಯಲ್ಲಿ ಅಕ್ಷರದ ಲೆಕ್ಕ ಸ್ವಲ್ಪ ವಿಚಿತ್ರವಾಗಿದೆ. ಮನೆಯ ಮಾತು ದಖನಿ, ಪೇಟೆಯಲ್ಲಿ ಕನ್ನಡ, ಮೀರಜಿಗೆ ಹೋದರೆ ಮರಾಠಿ. ಹೆಂಡತಿ ಓದಿದ್ದು ಉರ್ದು ಮಾಧ್ಯಮದಲ್ಲಿ, ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ತಡವರಿಕೆ. ಅಮ್ಮೀಗೆ ಕುರ್‌ಆನ್ ಪಠಣದ ಹೊರತು ಬೇರಾವ ಅಕ್ಷರವೂ ತಿಳಿಯದು. ಕನ್ನಡವನ್ನು ಸರಾಗವಾಗಿ ಓದುವವರು ಮಕ್ಕಳು ಮಾತ್ರ. ಹಾಗಾಗಿ ನಾನು ಕನ್ನಡದಲ್ಲಿ ಒಂದು ಪುಟ ಓದುವುದು, ಅಮ್ಮೀಗಾಗಿ ಅದನ್ನೇ ದಖನಿಯಲ್ಲಿ ಹೇಳುವುದು, ಹೀಗೆ ಶುರುವಾಯಿತು.

ಪುಸ್ತಕಗಳೇ ಇಲ್ಲದ ಮನೆ ನಮ್ಮದಲ್ಲ. ಹೆಂಡತಿಯ ಜಹೇಜಿನ ಪೆಟ್ಟಿಗೆಯಲ್ಲಿ, ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳಲ್ಲಿರುವಂತೆ, ಮೌಲಾನಾ ಅಶ್ರಫ್ ಅಲಿ ಥಾನವಿಯವರ 'ಬಹಿಶ್ತಿ ಜೇವರ್' ಇತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆಯ ನೆರೆ ಬಂದಾಗ ಅದು ನದಿ ದಂಡೆಯ ಅವಳ ತವರಿನಲ್ಲಿತ್ತು. ನೀರಿಳಿದ ಮೇಲೆ ಒಂದೊಂದೇ ಹಾಳೆ ಬಿಡಿಸಿ ಬಿಸಿಲಿಗೆ ಒಣಗಿಸಿದರು. ಈಗ ಅದು ಮೊದಲಿನ ಎರಡು ಪಟ್ಟು ದಪ್ಪವಾಗಿದೆ. ಸಾಬೂನು ಮಾಡುವುದರಿಂದ ಹಿಡಿದು ಆಸ್ತಿ ಪಾಲಿನವರೆಗೆ ಎಲ್ಲವೂ ಆ ಗ್ರಂಥದಲ್ಲಿದೆ. ಓದಲು ಯೋಗ್ಯವಾದ ಮತ್ತು ಯೋಗ್ಯವಲ್ಲದ ಪುಸ್ತಕಗಳ ಪಟ್ಟಿಯೂ ಇದೆ. ಆ ಪಟ್ಟಿಯನ್ನು ನಾನು ಈ ವರ್ಷ ಮತ್ತೆ ತೆರೆದು ನೋಡಿದೆ. ಡೆಪ್ಯುಟಿ ನಜೀರ್ ಅಹ್ಮದರ ಕಾದಂಬರಿಗಳ ಬಗ್ಗೆಯೂ ಅಲ್ಲಿ ಎಚ್ಚರಿಕೆಯ ಮಾತಿದೆ! ನಜೀರ್ ಅಹ್ಮದ್ ಯಾರು? 1869ರಲ್ಲಿ 'ಮಿರಾತುಲ್ ಉರೂಸ್' ಬರೆದವರು, ತಮ್ಮ ಹೆಣ್ಣುಮಕ್ಕಳ ಓದಿಗೆಂದೇ ಬರೆದವರು. ಅಕ್ಬರಿ ಮತ್ತು ಅಸ್ಗರಿ ಎಂಬ ಅಕ್ಕತಂಗಿಯರ ಕಥೆ ಕೇಳದ ಉರ್ದು ಶಾಲೆಯ ಹುಡುಗಿ ಇರಲಾರಳು. ಅದೇ ಲೇಖಕರ 'ತೌಬತುನ್ನಸೂಹ್' ಎಂಬ ಇನ್ನೊಂದು ಪುಸ್ತಕದಲ್ಲಿ ನಸೂಹ್ ಎಂಬ ತಂದೆ ಕಾಲರಾದಿಂದ ಬದುಕುಳಿದು ಧರ್ಮನಿಷ್ಠನಾಗುತ್ತಾನೆ, ಮಗ ಕಲೀಮನ ಪುಸ್ತಕಗಳಿಗೆಲ್ಲ ಬೆಂಕಿ ಹಚ್ಚುತ್ತಾನೆ. ಮದ್ರಸದ ದಿನಗಳಲ್ಲಿ ಆ ಭಾಗ ಓದಿದಾಗ ನಸೂಹ್ ಮಾಡಿದ್ದು ಸರಿಯೇ ಅನ್ನಿಸಿತ್ತು. ಈಗ ಬೇರೆಯೇ ಪ್ರಶ್ನೆ ಮೂಡಿತು: ಅವನು ಸುಡುವ ಮೊದಲು ಆ ಪುಸ್ತಕಗಳಲ್ಲಿ ಎಷ್ಟನ್ನು ಓದಿದ್ದ?

ಕಥೆ ಎಂದರೆ ಹುಸಿ, ಹುಸಿ ಎಂದರೆ ಕೇಡು ಎಂಬ ಲೆಕ್ಕ ನಮ್ಮಲ್ಲಿ ಹಲವರದ್ದು. ಆದರೆ ಸೂರಃ ಯೂಸುಫ್ ಅನ್ನು ಅಲ್ಲಾಹನೇ ಅತ್ಯುತ್ತಮ ಕಥನವೆಂದು ಕರೆದಿದ್ದಾನಲ್ಲವೇ? ಅಲ್ಲಿ ಅಣ್ಣಂದಿರ ಹೊಟ್ಟೆಕಿಚ್ಚಿದೆ, ಬಾವಿಯಿದೆ, ಮಾರಾಟವಿದೆ, ಒಬ್ಬ ಹೆಣ್ಣಿನ ಮೋಹವಿದೆ, ಸೆರೆಮನೆಯಿದೆ. ಮನೆಯೊಳಗಿನ ಯಾವ ಕಹಿಯನ್ನೂ ಅಲ್ಲಿ ಮುಚ್ಚಿಟ್ಟಿಲ್ಲ. ಮನೆಯ ಮಾತನ್ನು ಬೀದಿಗೆ ತಂದರು ಎಂದು ಲೇಖಕಿಯರನ್ನು ದೂರುವಾಗ ಇದು ನನಗೆ ಎಂದೂ ನೆನಪಾಗಿರಲಿಲ್ಲ.

ಬಾನು ಮುಷ್ತಾಕರ 'ಹಸೀನಾ ಮತ್ತು ಇತರ ಕಥೆಗಳು' ತರಿಸಿಕೊಂಡೆ. ದೀಪಾ ಭಾಸ್ತಿಯವರು 12 ಕಥೆಗಳನ್ನು ಆರಿಸಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'ಗೆ 2025ರ ಮೇ 20ರಂದು ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಯೊಂದಕ್ಕೆ ಅದು ಬಂದದ್ದು ಮೊದಲ ಸಲ, ಸಣ್ಣ ಕಥೆಗಳ ಸಂಕಲನಕ್ಕೆ ಬಂದದ್ದೂ ಮೊದಲ ಸಲ. ಮೊದಲ ದಿನ ನಾನು ಹುಷಾರಾಗಿ ಓದಿದೆ, ಅಮ್ಮೀ ಮುಂದೆ ಹೇಳಬಾರದ್ದು ಏನಾದರೂ ಬಂದರೆ ದಾಟಿಸಿಬಿಡೋಣ ಎಂದು. ಬಂದದ್ದು ಕೆಂಪು ಲುಂಗಿಯ ಕಥೆ. ರಜೆಯಲ್ಲಿ ಮನೆತುಂಬ ಸೇರಿದ ಮಕ್ಕಳ ಗಲಾಟೆಗೆ ತಲೆಕೆಟ್ಟ ರಜಿಯಾ, ಗಂಡುಮಕ್ಕಳಿಗೆಲ್ಲ ಖತ್ನಾ ಮಾಡಿಸಿದರೆ ಕೆಲವು ದಿನ ಹಾಸಿಗೆ ಹಿಡಿದು ಸುಮ್ಮನಿರುತ್ತವೆ ಎಂದು ಉಪಾಯ ಹೂಡುತ್ತಾಳೆ. ಅಮ್ಮೀ ನಕ್ಕ ರೀತಿಗೆ ಪಕ್ಕದ ಮನೆಯವರು ಬಂದು ವಿಚಾರಿಸಿದರು. ನನ್ನ ಮತ್ತು ನನ್ನ ತಮ್ಮನ ಖತ್ನಾದ ದಿನ ನಡೆದದ್ದನ್ನೆಲ್ಲ ನನ್ನ ಮಕ್ಕಳೆದುರು ವಿವರವಾಗಿ ಹೇಳಿದರು, ಅದನ್ನು ಇಲ್ಲಿ ಬರೆಯಲಾರೆ. ನಗು ಮುಗಿಯುವಷ್ಟರಲ್ಲಿ ಕಥೆ ಬೇರೆ ಕಡೆ ತಿರುಗಿತ್ತು. ಡಾಕ್ಟರ ಕೈಯಲ್ಲಿ ಮಾಡಿಸಿಕೊಂಡ ಶ್ರೀಮಂತರ ಹುಡುಗನ ಗಾಯ ಕೀವಾಗುತ್ತದೆ, ಬೂದಿ ಹಚ್ಚಿಸಿಕೊಂಡ ಬಡವರ ಹುಡುಗ ಬೇಗ ವಾಸಿಯಾಗಿ ಓಡಾಡುತ್ತಾನೆ.

ಒಂದು ಸಂಗತಿ ಗಮನಕ್ಕೆ ಬಂತು. ಬೇರೆ ಪುಸ್ತಕಗಳನ್ನು ದಖನಿಗೆ ತಿರುಗಿಸುವಾಗ ಶಬ್ದಕ್ಕಾಗಿ ನಿಲ್ಲಬೇಕಾಗುತ್ತದೆ. ಈ ಕಥೆಗಳನ್ನು ಹೇಳುವಾಗ ನಿಲ್ಲಬೇಕಾಗಲಿಲ್ಲ. ಹಾಸನದ ಆ ಹೆಂಗಸರು ಮೊದಲು ನಮ್ಮ ಮಾತಿನಲ್ಲೇ ಮಾತಾಡಿ, ನಂತರ ಕನ್ನಡಕ್ಕೆ ಹೋಗಿದ್ದಾರೆ. ನಾನು ಅವರನ್ನು ಮರಳಿ ಮನೆಗೆ ಕರೆದಂತಾಯಿತು, ಅಷ್ಟೆ.

ಹಜ್‌ಗೆ ಹೊರಟ ಶ್ರೀಮಂತ ಹೆಂಗಸಿಗೆ ಬಡ ಮುದುಕಿಯೊಬ್ಬಳು ಝಮ್‌ಝಮ್‌ನಲ್ಲಿ ಅದ್ದಿದ ಕಫನ್ ತಂದುಕೊಡಲು ಹೇಳುವ ಕಥೆ ಓದಿದ ರಾತ್ರಿ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆ ಹೆಂಗಸು ತನ್ನ ಸಡಗರದಲ್ಲಿ ಮುದುಕಿಯ ಕೋರಿಕೆಯನ್ನು ಕೈಬಿಡುತ್ತಾಳೆ. ಹಾಜಿಗಳು ಊರಿಗೆ ಮರಳಿದಾಗ ಬಾಗಿಲ ಬಳಿ ಕಾಯುವವರನ್ನು ನೀವೂ ಕಂಡಿರಬಹುದು. ಅಮ್ಮೀ ಎದ್ದು ಹೋಗಿ ತಮ್ಮ ಪೆಟ್ಟಿಗೆ ತೆರೆದು ನೋಡಿ ಬಂದರು. ಅವರ ಕಫನ್ ಅಲ್ಲಿದೆ. ಯಾರು ತಂದುಕೊಟ್ಟರು ಎಂದು ನಾನು ಅದುವರೆಗೂ ಕೇಳಿರಲಿಲ್ಲ.

'ಎದೆಯ ಹಣತೆ'ಯ ಮೆಹರುನ್‌ಳ ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ. ಅವಳು ಕೂಸನ್ನೆತ್ತಿಕೊಂಡು ತವರಿಗೆ ಬಂದರೆ ಅಣ್ಣಂದಿರು ಮಾನದ ಮಾತಾಡಿ ಅವಳನ್ನು ಅದೇ ದಿನ ವಾಪಸು ಬಿಟ್ಟು ಬರುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಉಳಿಸುವುದು ದೊಡ್ಡ ಮಗಳು ಸಲ್ಮಾ. ಈ ಕಥೆಯನ್ನು ಗಟ್ಟಿಯಾಗಿ ಓದಿದ್ದು ನಾನಲ್ಲ, ಪಿಯುಸಿ ಓದುವ ನನ್ನ ಮಗಳು. ಓದಿ ಮುಗಿಸಿ, "ಅಬ್ಬಾ, ನಾನು ಹಂಗ ಬಂದ್ರ ನೀವು ವಾಪಸ್ ಕಳಸ್ತೀರೇನು?" ಎಂದು ಕೇಳಿದಳು. ಇಲ್ಲ ಎಂದೆ. ನನ್ನ ಮಾತು ಮುಗಿಯುವ ಮೊದಲೇ ಅಮ್ಮೀ, "ನನ್ನನ್ನು ಕಳಿಸಿದ್ದರು" ಎಂದರು. ಅಷ್ಟೇ ಹೇಳಿದ್ದು. ಯಾವಾಗ, ಯಾರು, ಏಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆದರೆ ನನ್ನನ್ನು ನಿದ್ದೆಗೆಡಿಸಿದ ಕಥೆ 'ಕರಿ ನಾಗರಗಳು'. ಗಿರೀಶ್ ಕಾಸರವಳ್ಳಿಯವರು 2004ರಲ್ಲಿ 'ಹಸೀನಾ' ಚಲನಚಿತ್ರ ಮಾಡಿದ್ದು ಇದರಿಂದಲೇ, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಅಶ್ರಫ್ ಕಾಯಿಲೆಯ ಕೂಸಿನೊಂದಿಗೆ ಮಸ್ಜಿದಿಗೆ ಬಂದು ನ್ಯಾಯ ಕೇಳುತ್ತಾಳೆ. ಮುತವಲ್ಲಿ ಸಾಹೇಬರು ಕೆಟ್ಟವರೇನಲ್ಲ ಎಂಬಂತೆಯೇ ಇದ್ದಾರೆ. ಅವರಿಗೆ ಬಿಡುವಿಲ್ಲ. ನಾಳೆ ನೋಡೋಣ, ಇನ್ನೊಂದು ದಿನ ನೋಡೋಣ. ಅವಳು ಕಾಯುತ್ತಾಳೆ, ಕೂಸು ಉಳಿಯುವುದಿಲ್ಲ.

ಸುಮಾರು 15 ವರ್ಷಗಳ ಹಿಂದೆ ನಾನು ಒಂದು ಜಮಾಅತಿನ ಸಭೆಗಳಲ್ಲಿ ನಡಾವಳಿ ಬರೆಯುತ್ತಿದ್ದೆ. ಅಕ್ಷರ ಚೆನ್ನಾಗಿದೆ ಎಂದು ಹಿರಿಯರು ಆ ಕೆಲಸ ಕೊಟ್ಟಿದ್ದರು. ಒಂದು ಶುಕ್ರವಾರ, ಜುಮಾ ಮುಗಿದ ಮೇಲೆ, ಹೆಂಗಸೊಬ್ಬಳು ಹೊರಗಿನ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಇಟ್ಟುಕೊಂಡು ಕುಳಿತಿದ್ದಳು. ಗಂಡ ಮಹರ್ ಕೊಡದೆ, ಖರ್ಚಿಗೆ ಕೊಡದೆ, ತಲಾಕೂ ಹೇಳದೆ ಬಿಟ್ಟಿದ್ದ. ಅವಳ ಅರ್ಜಿಯನ್ನು ಒಳಗೆ ಓದಿದ್ದು ನಾನೇ. ಗಂಡನ ಕಡೆಯವರು ಬಂದಿಲ್ಲ, ಒಂದೇ ಕಡೆಯ ಮಾತು ಕೇಳಲಾಗದು ಎಂದು ವಿಷಯ ಮುಂದೂಡಿದರು. ಆ ಮಾತಿನಲ್ಲಿ ತಪ್ಪಿಲ್ಲ, ನ್ಯಾಯವೆಂದರೆ ಎರಡೂ ಕಡೆ ಕೇಳಬೇಕು. ಮುಂದಿನ ವಾರವೂ ಅವಳು ಬಂದಳು, ಅವರು ಬರಲಿಲ್ಲ. ಹೀಗೆ ಎಷ್ಟು ವಾರ ನಡೆಯಿತೋ ನೆನಪಿಲ್ಲ. ನೆನಪಿರುವುದು ಇಷ್ಟು: ಸಭೆ ಮುಗಿಸಿ ಹೊರಬರುವಾಗ ಅವಳ ಕಣ್ಣು ತಪ್ಪಿಸಲು ನಾನು ವುಝೂ ಮಾಡುವ ಕಡೆಯ ಬಾಗಿಲಿನಿಂದ ಹೋಗುತ್ತಿದ್ದೆ.

ಅದೇ ದಿನಗಳಲ್ಲಿ ನಾನು ಮದ್ರಸದ ಮಕ್ಕಳಿಗೆ ಸೂರಃ ಮುಜಾದಲಃ ಕಲಿಸುತ್ತಿದ್ದೆ. ಗಂಡನ ಮೇಲಿನ ದೂರನ್ನು ಹೊತ್ತು ಪ್ರವಾದಿ(ಸ)ಯವರ ಬಳಿ ಬಂದು ವಾದಿಸಿದ ಖೌಲಃ ಬಿಂತ್ ಸಅ್‌ಲಬಃ(ರ)ರ ಕಾರಣಕ್ಕೆ ಅವತೀರ್ಣವಾದ ಸೂರಃ ಅದು. ಆ ಹೆಣ್ಣಿನ ಮಾತನ್ನು ಅಲ್ಲಾಹನು ಕೇಳಿದನೆಂದೇ ಅದು ಆರಂಭವಾಗುತ್ತದೆ. ಅವರು ಮುದುಕಿಯಾದ ಮೇಲೆ ಖಲೀಫಾ ಉಮರ್(ರ)ರನ್ನು ದಾರಿಯಲ್ಲಿ ತಡೆದು ನಿಲ್ಲಿಸಿದಾಗ, ಖಲೀಫಾ ನಿಂತು ಪೂರ್ತಿ ಕೇಳಿದರೆಂಬ ವರದಿಯಿದೆ. ಇದನ್ನೆಲ್ಲ ಮಕ್ಕಳಿಗೆ ಕಂಠಪಾಠ ಮಾಡಿಸಿದವನೇ ನಾನು. ಮೆಟ್ಟಿಲ ಮೇಲಿನವಳು ಮಾತ್ರ ಆಗ ನನಗೆ ಖೌಲಃರಂತೆ ಕಾಣಲಿಲ್ಲ.

ಬಾನು ಮುಷ್ತಾಕರ ಎಲ್ಲವನ್ನೂ ಒಪ್ಪಿದೆ ಎಂದು ತಿಳಿಯಬೇಡಿ. ಅವರ ಕಥೆಗಳಲ್ಲಿ ಧರ್ಮದ ಹೆಸರು ಹೇಳುವ ಗಂಡಸು ಬಂದನೆಂದರೆ ಕೇಡು ಮಾಡಲೆಂದೇ ಬಂದನೆಂದು ಮೊದಲೇ ಗೊತ್ತಾಗಿಬಿಡುತ್ತದೆ. ತಿಂಗಳಿಗೆ ಕೈಗೆ ಬರುವ ಅಲ್ಪ ಸಂಬಳದಲ್ಲಿ ತನ್ನ ಮಕ್ಕಳ ಹೊಟ್ಟೆ ಕಟ್ಟಿ, ಅನಾಥ ಹುಡುಗಿಯ ನಿಕಾಹ್‌ಗೆ ಮನೆಮನೆ ತಿರುಗಿ ಹಣ ಕೂಡಿಸಿದ ಇಮಾಮರನ್ನು ನಾನು ಬಲ್ಲೆ. ಅಂಥವರು ಅಲ್ಲಿ ನನಗೆ ಸಿಗಲಿಲ್ಲ. ಇದನ್ನು ಹೆಡ್‌ಮಾಸ್ತರರಿಗೆ ಹೇಳಿದೆ. "ಖರೇ ಅದರಿ. ಆ ಕಥಿ ನೀವ ಬರೀರಿ" ಎಂದುಬಿಟ್ಟರು! ಮಹಿಳೆಯರ ಮಸ್ಜಿದ್ ಪ್ರವೇಶವನ್ನು ಬೆಂಬಲಿಸಿದ್ದಕ್ಕೆ ಈ ಲೇಖಕಿ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಅನುಭವಿಸಿದ್ದರು. ಅಲ್ಲಾಹನ ದಾಸಿಯರನ್ನು ಮಸ್ಜಿದಿನಿಂದ ತಡೆಯಬೇಡಿ ಎಂಬ ಅರ್ಥದ ಹದೀಸನ್ನು ಓದಿದ ನಾವು ಆಗ ಎಲ್ಲಿದ್ದೆವು ಎಂದು ಕೇಳಿದರೆ, ನನ್ನ ಮಟ್ಟಿಗೆ ಹೇಳುವುದಾದರೆ, ಸುಮ್ಮನಿದ್ದೆವು.

ಇನ್ನೊಂದು ಬೈದ ಪುಸ್ತಕ 'ಚಂದ್ರಗಿರಿಯ ತೀರದಲ್ಲಿ'. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, 2023ರ ಜನವರಿ 10ರಂದು ತೀರಿಕೊಂಡ ಸಾರಾ ಅಬೂಬಕ್ಕರರ ಮೊದಲ ಕಾದಂಬರಿ. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಅಲ್ಲಿ ತಂದೆಯ ಹಠಕ್ಕೆ ನಾದಿರಾಳ ಸಂಸಾರ ಒಡೆಯುತ್ತದೆ. ಗಂಡ ರಶೀದನಿಗೂ ಅವಳಿಗೂ ಮತ್ತೆ ಒಂದಾಗುವ ಆಸೆಯಿದೆ, ಆದರೆ ತಲಾಕ್ ಆಗಿಹೋಗಿದೆ. ಬೇರೊಬ್ಬನನ್ನು ಒಂದು ದಿನದ ಮಟ್ಟಿಗೆ ಮದುವೆಯಾಗಿ ಬಿಡುಗಡೆ ಪಡೆದರೆ ಮಾತ್ರ ದಾರಿ ಎನ್ನುತ್ತಾರೆ. ನಾದಿರಾ ನೀರಿನ ಪಾಲಾಗುತ್ತಾಳೆ.

ಇದು ಇಸ್ಲಾಮನ್ನು ಕೆಟ್ಟದಾಗಿ ತೋರಿಸುವ ಪುಸ್ತಕ ಎಂದು ನಾನು ಸಭೆಯಲ್ಲಿ ಹೇಳಿದ್ದು. ಓದಿ ಮುಗಿಸಿದ ಮೇಲೆ ಫಿಕ್ಹಿನ ಗ್ರಂಥ ತೆಗೆದು ಕುಳಿತೆ. ಮೊದಲೇ ಮಾತಾಡಿಕೊಂಡು ಮಾಡುವ ಇಂಥ ಹಲಾಲಾವನ್ನು ಮಾಡುವವನನ್ನೂ ಮಾಡಿಸುವವನನ್ನೂ ಪ್ರವಾದಿ(ಸ)ಯವರು ಶಪಿಸಿದ್ದಾರೆ. ಅದು ನಮಗೆಲ್ಲ ಗೊತ್ತಿರುವ ಹದೀಸ್. ತಲಾಕ್ ಎಂಬುದು ಎರಡು ಸಲ, ಆಮೇಲೆ ಒಳಿತಿನಿಂದ ಇಟ್ಟುಕೊಳ್ಳಬೇಕು ಇಲ್ಲವೇ ಸೌಜನ್ಯದಿಂದ ಬಿಡಬೇಕು ಎಂಬ ಅಲ್‌ಬಕರಃದ 229ನೆಯ ಸೂಕ್ತದ ಆಶಯವೂ ಗೊತ್ತು. ಒಂದೇ ಉಸಿರಿನ ಮೂರು ತಲಾಕ್ ಮೂರೋ ಒಂದೋ ಎಂದು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಾಲ್ಕು ಮದ್‌ಹಬ್‌ಗಳ ಪ್ರಬಲ ಅಭಿಪ್ರಾಯ ಮೂರೆಂದೇ. ಹಾಗೆ ಹೇಳುವುದು ಪಾಪವೆಂಬುದನ್ನು ಹನಫೀ ಗ್ರಂಥಗಳೂ ಹೇಳುತ್ತವೆ. ನಾದಿರಾಳ ಹಳ್ಳಿಯಲ್ಲಿ ಇದನ್ನೆಲ್ಲ ಬಲ್ಲವರು ಅವಳ ಬಳಿ ಕುಳಿತು ಹೇಳಲಿಲ್ಲ, ಅಷ್ಟೇ. ಲೇಖಕಿ ಬರೆದದ್ದು ಆ ಮೌನದ ಬಗ್ಗೆ. 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಂದೇ ಸಲದ ಮೂರು ತಲಾಕನ್ನು ರದ್ದುಪಡಿಸಿದಾಗ, 2019ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನು ಬಂದಾಗ ನಾವು ಬಹಳ ನೊಂದುಕೊಂಡೆವು, ನಮ್ಮ ಮನೆಯೊಳಕ್ಕೆ ಸರಕಾರ ಬಂತೆಂದು. ಸಾರಾ ಅಬೂಬಕ್ಕರ್ ಅದಕ್ಕೂ ಮೂರೂವರೆ ದಶಕ ಮೊದಲೇ ಮನೆಯೊಳಗಿನಿಂದಲೇ ಹೇಳಿದ್ದರು. ಬರವಣಿಗೆಯ ದೃಷ್ಟಿಯಿಂದ ಬಾನು ಮುಷ್ತಾಕರ ಚುರುಕು ಇದರಲ್ಲಿಲ್ಲ, ನಡುವೆ ಅಲ್ಲಲ್ಲಿ ಕಥೆ ಎಳೆದಂತಾಗುತ್ತದೆ. ಆದರೆ ನನ್ನ ಹೆಂಡತಿ ಅಡುಗೆಮನೆಗೆ ಏಳದೆ ಪೂರ್ತಿ ಕೇಳಿದ ಪುಸ್ತಕ ಇದೊಂದೇ.

ಎಲ್ಲ ರಾತ್ರಿಗಳೂ ಹೀಗೆ ಭಾರವಾಗಿರಲಿಲ್ಲ. ಏಳನೆಯ ತರಗತಿಯ ಮಗನಿಗಾಗಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದೆವು. ಹಾರುವ ಓತಿಯನ್ನು ಹುಡುಕುತ್ತ ವಿಜ್ಞಾನಿಯೂ ಹಳ್ಳಿಯ ಮಂದಣ್ಣನೂ ಕಾಡು ಹೊಗುವ ಕಥೆ ನಿಮಗೆ ಗೊತ್ತಿದ್ದದ್ದೇ. ಮಗ ಈಗ ಅಂಗಳದ ಪ್ರತಿ ಓತಿಕೇತವನ್ನೂ ಅನುಮಾನದಿಂದ ನೋಡುತ್ತಾನೆ. ನನಗೆ ಹಿಡಿಸಿದ್ದು ಬೇರೆ. ಊರಿನವರ ಕಣ್ಣಿಗೆ ದಡ್ಡನಾದ ಮಂದಣ್ಣನಲ್ಲಿ ಪ್ರಕೃತಿಯನ್ನು ಬಲ್ಲವನೊಬ್ಬನಿದ್ದಾನೆ ಎಂದು ಕರ್ವಾಲೊ ಗುರುತಿಸುವುದು. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಎಷ್ಟು ಮಂದಣ್ಣರನ್ನು ನಾನು ಕೂರಿಸಿದ್ದೇನೋ!

ಇದೇ ಮಾತನ್ನು ಇನ್ನೂ ನೇರವಾಗಿ ಹೇಳಿದ ಪುಸ್ತಕ 'ತೊತ್ತೋ-ಚಾನ್'. ಜಪಾನಿನ ತೆತ್ಸುಕೊ ಕುರೊಯನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ 1981ರಲ್ಲಿ ಪ್ರಕಟಿಸಿದ ಇದು ಕನ್ನಡದಲ್ಲೂ ಇದೆ. ಮಕ್ಕಳಿರುವ ಪ್ರತಿ ಮನೆಯಲ್ಲೂ ಇರಬೇಕು. ಮೊದಲ ಶಾಲೆಯಿಂದ ಹೊರಹಾಕಿಸಿಕೊಂಡ ಪುಟ್ಟ ಹುಡುಗಿ ಹೊಸ ಶಾಲೆಗೆ ಬರುತ್ತಾಳೆ. ಅಲ್ಲಿ ತರಗತಿಗಳು ಹಳೆಯ ರೈಲು ಡಬ್ಬಿಗಳಲ್ಲಿ ನಡೆಯುತ್ತವೆ. ಮುಖ್ಯೋಪಾಧ್ಯಾಯ ಕೊಬಯಾಶಿ ಮೊದಲ ದಿನ ಅವಳ ಮಾತನ್ನು ನಾಲ್ಕು ಗಂಟೆ ಕೇಳುತ್ತಾರೆ. ನಾಲ್ಕು ಗಂಟೆ! ನನ್ನ ತರಗತಿಯಲ್ಲಿ ಪ್ರವೇಶ ಪಡೆಯುವ ಹುಡುಗನಿಗೆ ನಾನು ಕೊಡುವುದು ಹೆಸರು, ತಂದೆಯ ಹೆಸರು, ಆಧಾರ್ ಸಂಖ್ಯೆ ಬರೆದುಕೊಳ್ಳುವಷ್ಟು ಹೊತ್ತು. ಊಟದ ಡಬ್ಬಿಯಲ್ಲಿ ಸ್ವಲ್ಪ ಸಮುದ್ರದ್ದು, ಸ್ವಲ್ಪ ಬೆಟ್ಟದ್ದು ಇರಬೇಕೆಂಬುದು ಆ ಶಾಲೆಯ ನಿಯಮ. ಬಡವರ ಮನೆಯ ಡಬ್ಬಿಗೂ ನಾಚಿಕೆಯಾಗದಂತೆ ಮಾಡಿದ ನಿಯಮ. ಆಟೋಟದ ಬಹುಮಾನ ತರಕಾರಿ. ಗಿಡ್ಡ ಹುಡುಗ ತಕಹಾಶಿ ಗೆಲ್ಲಬಲ್ಲಂಥ ಆಟಗಳನ್ನು ಗುರುಗಳು ಬೇಕೆಂದೇ ಇಟ್ಟಿರುತ್ತಾರೆ. 1945ರ ಬಾಂಬು ದಾಳಿಯಲ್ಲಿ ಶಾಲೆ ಸುಟ್ಟುಹೋಗುತ್ತದೆ, ಉರಿಯುವ ಶಾಲೆಯನ್ನು ನೋಡುತ್ತಲೇ ಗುರುಗಳು ಮುಂದಿನ ಶಾಲೆಯ ಯೋಚನೆ ಮಾಡುತ್ತಾರೆ. ಜೂನಿನಲ್ಲಿ ಶಾಲೆ ಶುರುವಾದಾಗ ನಾನೂ ಒಬ್ಬ ಹುಡುಗನನ್ನು ಕೂರಿಸಿ ಕೇಳಲು ನೋಡಿದೆ. ಇಪ್ಪತ್ತು ನಿಮಿಷಕ್ಕೆ ಗಂಟೆ ಹೊಡೆಯಿತು. ಅವನ ತಂದೆ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಊರೂರು ಹೋಗುತ್ತಾನೆ, ವರ್ಷಕ್ಕೆ ಐದು ತಿಂಗಳು ಅವನೂ ಹೋಗುತ್ತಾನೆ ಎಂಬುದು ಆ ಇಪ್ಪತ್ತು ನಿಮಿಷದಲ್ಲಿ ತಿಳಿಯಿತು. ಅವನ ಗೈರುಹಾಜರಿಗೆ ನಾನು ಕೊಟ್ಟ ಪೆಟ್ಟುಗಳು ನೆನಪಾದವು.

ನಮ್ಮ ನೆಲದ್ದೇ ಒಂದು ಪುಸ್ತಕ ಹೇಳದಿದ್ದರೆ ಆಗದು. ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ', 1945ರ ಕಾದಂಬರಿ. ಆ ಶೇಡಬಾಳ ಈಗ ಕಾಗವಾಡ ತಾಲೂಕಿನಲ್ಲಿದೆ, ನಮ್ಮ ಮನೆಯಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಅಷ್ಟು ಹತ್ತಿರದವರನ್ನು ನಾನು ಪರೀಕ್ಷೆಯ ಪ್ರಶ್ನೆಯಲ್ಲಿ ಮಾತ್ರ ಕಂಡಿದ್ದೆ. ಗಡಿಭಾಗದ ಜೈನ ಒಕ್ಕಲುಮನೆಗಳ ಬದುಕು, ನಮ್ಮ ಕಡೆಯ ಮಾತಿನಲ್ಲೇ. ಓದುವಾಗ ಅಮ್ಮೀಗೆ ಅನುವಾದ ಬೇಕಾಗಲಿಲ್ಲ. ಜೈನರ ಮನೆಯ ಹೆಂಗಸರ ದುಃಖ ಕೇಳಿ, "ಅವರ ಮನ್ಯಾಗೂ ಹಿಂಗ ಐತಿ?" ಎಂದರು. ಅರ್ಧ ಶತಮಾನ ಅವರ ಹೊಲಗಳ ಬದಿಯಲ್ಲೇ ಬದುಕಿದವರು ಅಮ್ಮೀ.

ರಹಮತ್ ತರೀಕೆರೆಯವರ 'ಕರ್ನಾಟಕದ ಮೊಹರಂ' ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಮದ್ರಸದಲ್ಲಿ ನಾನು ಕಲಿತದ್ದು ಅಲಾವಿ, ಪಂಜಾ, ಡೋಲಿ ಇವೆಲ್ಲ ಬಿದ್‌ಅತ್ ಎಂದು. ಇಂದಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ಹಸನ್ ಹುಸೈನರ ಹೆಸರಿನಲ್ಲಿ ಜನ ಹರಕೆ ಹೊರುತ್ತಾರೆ, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ರಾತ್ರಿಯಿಡೀ ಹಾಡುತ್ತಾರೆ ಎಂಬುದನ್ನು ಊರೂರು ತಿರುಗಿ ದಾಖಲಿಸಿದ ಪುಸ್ತಕವನ್ನು ಓದಿ ಮುಚ್ಚಿದಾಗ, ಬಿದ್‌ಅತ್ ಎಂಬ ಒಂದು ಶಬ್ದದಲ್ಲಿ ಆ ಜನರ ಕಣ್ಣೀರನ್ನು ಮುಗಿಸಿಬಿಡುವುದು ನನಗೆ ಕಷ್ಟವಾಯಿತು. ಹರಾಮ್ ಹಲಾಲ್ ಹೇಳುವುದು ನನ್ನ ಕೆಲಸ. ನಮ್ಮ ಇಮಾಮರಿಗಾಗಿ ಅಳುವವನನ್ನು ಅಣಕಿಸುವುದು ನನ್ನ ಕೆಲಸವಲ್ಲ. ಇದರಾಚೆ ಏನು ಹೇಳಬೇಕೋ ನನಗೆ ಇನ್ನೂ ತಿಳಿದಿಲ್ಲ.

ಬೊಳುವಾರು ಮಹಮದ್ ಕುಂಞಿಯವರ 'ಸ್ವಾತಂತ್ರ್ಯದ ಓಟ' ಸಾವಿರ ಪುಟ ಮೀರಿದ್ದು, 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದು. ವಿಭಜನೆಯ ಗದ್ದಲದಲ್ಲಿ ಮುತ್ತುಪ್ಪಾಡಿಗೆ ಬಂದು ಬೀಳುವ ಚಾಂದ್ ಅಲಿಯ ಜೊತೆ ನಾವಿನ್ನೂ ಅರ್ಧ ದಾರಿಯಲ್ಲಿದ್ದೇವೆ. ಮುಗಿಸದ ಪುಸ್ತಕದ ಬಗ್ಗೆ ತೀರ್ಪು ಕೊಡುವ ಅಭ್ಯಾಸವನ್ನು ಬಿಟ್ಟಿದ್ದೇನೆ, ಹಾಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಹೋದ ತಿಂಗಳು ನಾನು ಪುಸ್ತಕ ತೆರೆಯದ ಒಂದು ರಾತ್ರಿ ಅಮ್ಮೀ ಕರೆದು, "ಆಜ್ ಕಿತಾಬ್ ನೈಂ ಕ್ಯಾ ರೇ?" ಎಂದು ಕೇಳಿದರು. ಮೈ ಹುಷಾರಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಮೆಟ್ಟಿಲ ಮೇಲಿನವಳದ್ದು ಏನಾಯಿತು?"

ಅಶ್ರಫಳ ಕಥೆ ಓದಿದ ರಾತ್ರಿ ನಾನು ಅವಳ ವಿಷಯವನ್ನು ಹೆಂಡತಿಗೆ ಹೇಳಿದ್ದು ಅಮ್ಮೀಯ ಕಿವಿಗೆ ಬಿದ್ದಿತ್ತು. ಮರುದಿನ ಹೋಗಿ, ಈಗಿನ ಕಾರ್ಯದರ್ಶಿಗಳನ್ನು ಕೇಳಿ, ಹಳೆಯ ನಡಾವಳಿ ಪುಸ್ತಕ ತೆಗೆಸಿದೆ. ನನ್ನದೇ ದುಂಡನೆಯ ಅಕ್ಷರ. ಅರ್ಜಿದಾರರ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ ಎಂದು ಮೂರು ಶುಕ್ರವಾರ ಬರೆದಿದ್ದೇನೆ. ನಾಲ್ಕನೆಯ ವಾರ ಧ್ವನಿವರ್ಧಕದ ದುರಸ್ತಿ, ಐದನೆಯ ವಾರ ರಮಝಾನಿನ ಬಣ್ಣದ ಖರ್ಚು. ಆಮೇಲೆ ಅವಳ ಹೆಸರು ಎಲ್ಲೂ ಇಲ್ಲ.

ಮನೆಗೆ ಬಂದು ಹೇಳಿದೆ. ಅಮ್ಮೀ ತಸ್ಬೀಹ್ ಎಣಿಸುವುದನ್ನು ನಿಲ್ಲಿಸಲಿಲ್ಲ. ಅವಳು ಮೀರಜಿನಲ್ಲಿದ್ದಾಳೆ, ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುತ್ತಾಳೆ, ಮಗ ಐಟಿಐ ಮುಗಿಸಿದ್ದಾನೆ, ಓಣಿಯ ಹೆಂಗಸರಿಗೆಲ್ಲ ಇದು ಗೊತ್ತು ಎಂದರು. ನಂತರ ಆ ಊರಿಗೆ ಹೋಗುವ ಬಸ್ಸು ಎಷ್ಟು ಗಂಟೆಗಿದೆ ಎಂದು ನನ್ನನ್ನೇ ಕೇಳಿದರು.